ಕರಾವಳಿಯ ಮಕ್ಕಳ ಫುಟ್‌ಬಾಲ್ ತಂಡವನ್ನು ಅಂತರರಾಷ್ಟ್ರೀಯ ಪಂದ್ಯಾವಳಿಗೆ ಕರೆದೊಯ್ಯುವುದು ಹೇಗೆ: ಹದಿನೆಂಟು ತಿಂಗಳ ಸಮಗ್ರ ಮಾರ್ಗದರ್ಶಿ

ಜುಲೈ ನಡುವಿಗೆ ಕಾರವಾರದ ಮಾಲಾದೇವಿ ಮೈದಾನದಲ್ಲಿ ಚೆಂಡು ಪುಟಿಯುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಅದೇ ವಾರ ಸ್ವೀಡನ್ನಿನ ಗೊಥೆನ್‌ಬರ್ಗ್ ಊರಿನಲ್ಲಿ ಗೊಥಿಯಾ ಕಪ್ ಭರದಿಂದ ನಡೆದಿರುತ್ತದೆ. 1975ರಲ್ಲಿ ಶುರುವಾದ ಈ ಪಂದ್ಯಾವಳಿಗೆ ಈಗ ವರ್ಷಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಕ್ಕಳ ತಂಡಗಳು ಬರುತ್ತವೆ. ಅದು ಮುಗಿದ ಮರುವಾರ ಡೆನ್ಮಾರ್ಕಿನ ಯೋರಿಂಗ್‌ನಲ್ಲಿ ಡಾನಾ ಕಪ್, ಅದರ ಮರುವಾರ ಓಸ್ಲೋದಲ್ಲಿ ನಾರ್ವೆ ಕಪ್. 2025ರಲ್ಲಿ ಪಂಜಾಬಿನ ಮಿನರ್ವಾ ಅಕಾಡೆಮಿಯ ಹುಡುಗರು ಈ ಮೂರನ್ನೂ ಒಂದೇ ಬೇಸಿಗೆಯಲ್ಲಿ ಗೆದ್ದು ಬಂದರು. ಅದಕ್ಕೂ ಮೊದಲು, 2013ರಲ್ಲಿ, ಜಾರ್ಖಂಡಿನ ಹಳ್ಳಿಗಳ ಹುಡುಗಿಯರ 'ಯುವಾ' ತಂಡ ಸ್ಪೇನಿಗೆ ಹೋಗಿ ಆಡಿತ್ತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಡುವ ಮಕ್ಕಳಿಗೆ ಬರವಿಲ್ಲ. ಕಾರವಾರದಲ್ಲಿ ಗೋವಾದ ಗಾಳಿಯ ಜೊತೆಗೇ ಫುಟ್‌ಬಾಲ್ ಬಂದಿದೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಸಂಜೆಯಾದರೆ ಚೆಂಡಿನ ಸದ್ದು. ಹಳಿಯಾಳ, ಯಲ್ಲಾಪುರದ ಸಿದ್ದಿ ಮಕ್ಕಳ ಓಟದ ಕಸುವು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ 1980ರ ದಶಕದಲ್ಲೇ ಗೊತ್ತಾಗಿತ್ತು. ಹಾಗಿದ್ದೂ ತಂಡ ಕಟ್ಟಿದವರು ನಡುದಾರಿಯಲ್ಲಿ ನಿಲ್ಲುತ್ತಾರೆ. ಹೆಚ್ಚಾಗಿ ನಿಲ್ಲಿಸುವುದು ಒಬ್ಬಿಬ್ಬರು ಮಕ್ಕಳ ಜನನ ಪ್ರಮಾಣಪತ್ರ. ಟಿಕೆಟ್ ಬುಕ್ ಆಗುವ ಹೊತ್ತಿಗೆ ಆ ಮಗುವಿನ ಪಾಸ್‌ಪೋರ್ಟ್ ಬಂದಿರುವುದಿಲ್ಲ, 'ಇವನನ್ನು ಮುಂದಿನ ಸಲ ನೋಡೋಣ' ಎನ್ನುತ್ತಾರೆ. ಹಾಗೆ ಬಿಟ್ಟುಹೋದ ಮಗು ಯಾವಾಗಲೂ ಬಡವರ ಮನೆಯದೇ ಆಗಿರುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ರಮ ಹೀಗಿದೆ: ಮೊದಲು ಮಕ್ಕಳ ಆಯ್ಕೆ, ಆಮೇಲೆ ಕಾಗದ, ಆಮೇಲೆ ದುಡ್ಡು, ಕೊನೆಗೆ ಟಿಕೆಟ್. ಈ ಕ್ರಮವನ್ನು ತಿರುಗಿಸಬೇಡಿ.

ಯಾವ ಪಂದ್ಯಾವಳಿ?

ದಾರಿ ಎರಡಿವೆ. ಮೊದಲನೆಯದು ಖರ್ಚಿಲ್ಲದ್ದು, ನಮ್ಮವರು ಅದನ್ನು ಅಂತರರಾಷ್ಟ್ರೀಯ ಎಂದು ಎಣಿಸುವುದನ್ನೇ ಮರೆಯುತ್ತಾರೆ. ಭಾರತೀಯ ವಾಯುಪಡೆಯ ಆಶ್ರಯದಲ್ಲಿ 1960ರಿಂದ ನಡೆಯುತ್ತಿರುವ ಸುಬ್ರೋತೊ ಕಪ್ ಶಾಲಾ ಮಕ್ಕಳ ಅಂತರರಾಷ್ಟ್ರೀಯ ಪಂದ್ಯಾವಳಿ. ದೇಶದ ರಾಜ್ಯಗಳ ವಿಜೇತ ಶಾಲೆಗಳ ಜೊತೆ ನೆರೆದೇಶಗಳ ತಂಡಗಳೂ ಬರುತ್ತವೆ. ಇದಕ್ಕೆ ಕ್ಲಬ್ಬು ನಡೆಯುವುದಿಲ್ಲ, ಒಂದೇ ಶಾಲೆಯ ಮಕ್ಕಳಿರಬೇಕು. ಮೆಟ್ಟಿಲು ತಾಲೂಕಿನಿಂದ ಶುರು: ತಾಲೂಕು, ಶೈಕ್ಷಣಿಕ ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ, ಅಲ್ಲಿಂದ ರಾಷ್ಟ್ರಮಟ್ಟ. ನಮ್ಮಲ್ಲಿ ಕಾರವಾರ ಮತ್ತು ಶಿರಸಿ ಎರಡು ಶೈಕ್ಷಣಿಕ ಜಿಲ್ಲೆಗಳು, ಆದ್ದರಿಂದ ಕರಾವಳಿಯ ಶಾಲೆಗೂ ಘಟ್ಟದ ಮೇಲಿನ ಶಾಲೆಗೂ ವಿಭಾಗ ಮಟ್ಟ ಮುಟ್ಟಲು ಬೇರೆ ಬೇರೆ ಅವಕಾಶವಿದೆ. ನಿಮ್ಮ ಶಾಲೆಯ ದೈಹಿಕ ಶಿಕ್ಷಕರು ತಾಲೂಕು ಪಂದ್ಯದ ಸುತ್ತೋಲೆ ಬರುವ ಮೊದಲೇ ತಂಡ ಸಿದ್ಧ ಇಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಎಷ್ಟೋ ಶಾಲೆಗಳು ಸುತ್ತೋಲೆ ಬಂದ ವಾರವೇ ಹುಡುಗರನ್ನು ಹುಡುಕತೊಡಗುತ್ತವೆ.

ಎರಡನೆಯದು ಹಣ ಕಟ್ಟಿ ಹೋಗುವ ದಾರಿ: ಗೊಥಿಯಾ, ಡಾನಾ, ನಾರ್ವೆ ಕಪ್‌ಗಳಂಥವು. ಇಲ್ಲಿ ಅರ್ಹತಾ ಸುತ್ತು ದಾಟಬೇಕೆಂದಿಲ್ಲ, ಕ್ಲಬ್ಬು, ಶಾಲೆ, ಯಾವುದಾದರೂ ಬರಬಹುದು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಒಂದೇ ಕಪ್. ಮೂರೂ ಒಂದರ ಹಿಂದೆ ಒಂದು ಇರುವುದರಿಂದ 'ಒಮ್ಮೆ ಹೋದವರು ಎಲ್ಲವನ್ನೂ ಆಡಿಯೇ ಬರೋಣ' ಎಂಬ ಆಸೆ ಹುಟ್ಟುತ್ತದೆ. ಹನ್ನೆರಡು ವರ್ಷದ ಮಗು ಮೂರು ವಾರ ಆಯಿಯ ಕೈಯಡುಗೆ ಇಲ್ಲದೆ, ದಿನಕ್ಕೆ ಎರಡು ಪಂದ್ಯ ಆಡುವುದು ಬಲು ಕಷ್ಟ.

ಇನ್ನೊಂದು ಎಚ್ಚರಿಕೆ. ನೆರೆದೇಶದ ಯಾವುದೋ ಊರಲ್ಲಿ ನಾಲ್ಕೇ ತಂಡ ಸೇರಿಸಿ, 'ಅಂತರರಾಷ್ಟ್ರೀಯ ಚಾಂಪಿಯನ್' ಎಂದು ಪದಕ ಕೊಟ್ಟು ಕಳಿಸುವ ವ್ಯಾಪಾರವೂ ಇದೆ. 'ನಿಮ್ಮ ಮಗ ಭಾರತ ತಂಡಕ್ಕೆ ಆಯ್ಕೆಯಾಗಿದ್ದಾನೆ, ಇಷ್ಟು ಹಣ ಕಟ್ಟಿ' ಎಂದು ಫೋನ್ ಬಂದರೆ ಅಲ್ಲಿಗೇ ಬಿಡಿ. ಭಾರತ ತಂಡವನ್ನು ಆರಿಸುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಾತ್ರ, ಅದು ಪಾಲಕರಿಂದ ಆಯ್ಕೆಗೆ ಹಣ ಕೇಳುವುದಿಲ್ಲ. ಯಾವುದೇ ಪಂದ್ಯಾವಳಿಯನ್ನು ನಂಬುವ ಮೊದಲು ಮೂರು ಪ್ರಶ್ನೆ ಕೇಳಿ. ಆ ದೇಶದ ಫುಟ್‌ಬಾಲ್ ಸಂಸ್ಥೆಯ ಮಾನ್ಯತೆ ಇದೆಯೇ? ಹಿಂದಿನ ವರ್ಷಗಳ ಎಲ್ಲ ಪಂದ್ಯಗಳ ಫಲಿತಾಂಶ ಜಾಲತಾಣದಲ್ಲಿ ಸಿಗುತ್ತದೆಯೇ? ಹಣ ಸಂಸ್ಥೆಯ ಹೆಸರಿನ ಖಾತೆಗೆ ಹೋಗುತ್ತದೆಯೇ, ಯಾರದೋ ಸ್ವಂತ ಖಾತೆಗೆ ಹೋಗುತ್ತದೆಯೇ? ಸಾಧ್ಯವಾದರೆ ಹಿಂದೆ ಹೋಗಿಬಂದ ಒಂದು ತಂಡದವರ ಜೊತೆ ಮಾತಾಡಿ.

ಮಕ್ಕಳ ಆಯ್ಕೆ: ಹುಟ್ಟಿದ ವರ್ಷ ನೋಡಿ, ತರಗತಿ ನೋಡಬೇಡಿ

ನಮಗೆ ಮಕ್ಕಳನ್ನು ತರಗತಿಯ ಮೇಲೆ ಗುಂಪು ಮಾಡಿ ರೂಢಿ. ಯುರೋಪಿನ ಪಂದ್ಯಾವಳಿಗಳಲ್ಲಿ ಲೆಕ್ಕ ಜನವರಿ 1ರಿಂದ, ಹುಟ್ಟಿದ ವರ್ಷದ ಮೇಲೆ. ಏಳನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು, ಒಬ್ಬ ನವೆಂಬರಿನಲ್ಲಿ ಇನ್ನೊಬ್ಬ ಫೆಬ್ರುವರಿಯಲ್ಲಿ ಹುಟ್ಟಿದ್ದರೆ, ಬೇರೆ ಬೇರೆ ವಿಭಾಗಕ್ಕೆ ಸೇರುತ್ತಾರೆ. ಆದ್ದರಿಂದ ಹೋಗುವ ವರ್ಷಕ್ಕೆ ಯಾರು ಯಾವ ವಿಭಾಗದಲ್ಲಿ ಇರುತ್ತಾರೆಂದು ಕಾಗದದ ಮೇಲೆ ಬರೆದುಕೊಂಡೇ ಆಯ್ಕೆ ಶುರುಮಾಡಿ. ಒಂದು ತಂಡದಲ್ಲಿ ಎಷ್ಟು ಮಂದಿ ಆಡುತ್ತಾರೆಂಬುದೂ ವಿಭಾಗದ ಮೇಲೆ ಬದಲಾಗುತ್ತದೆ. ಕಿರಿಯರಿಗೆ ಏಳು ಅಥವಾ ಒಂಬತ್ತು ಮಂದಿ, ದೊಡ್ಡವರಿಗೆ ಹನ್ನೊಂದು. ಪಂದ್ಯದ ಅವಧಿಯೂ ಮೈದಾನದ ಅಳತೆಯೂ ಅದಕ್ಕೆ ತಕ್ಕಂತೆ ಚಿಕ್ಕದು. ಹನ್ನೊಂದು ಮಂದಿಯ ಆಟ ಕಲಿಸಿ ಒಂಬತ್ತು ಮಂದಿಯ ಪಂದ್ಯಕ್ಕೆ ಕರೆದೊಯ್ದರೆ ಹುಡುಗರು ಎಲ್ಲಿ ನಿಲ್ಲಬೇಕೆಂದೇ ತಿಳಿಯದೆ ಒದ್ದಾಡುತ್ತಾರೆ. ನಿಯಮ ಪುಸ್ತಕವನ್ನು ನೋಂದಣಿಯ ಮೊದಲೇ ಓದಿ.

ವಯಸ್ಸಿನ ವಿಷಯದಲ್ಲಿ ಒಂದು ದಿನವೂ ಹಿಂದೆ-ಮುಂದೆ ಮಾಡಬೇಡಿ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟುಹಬ್ಬಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಆಸ್ಪತ್ರೆಯ ದಾಖಲೆಯಲ್ಲಿ ಬೇರೆ ತಾರೀಕಿದ್ದರೆ ಅದನ್ನೇ ಹಿಡಿಯಿರಿ. ಭಾರತದ ಕಿರಿಯರ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಕ್ಸ್‌-ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿ ಬಂದಿದೆ. ಅಲ್ಲಿ ಸಿಕ್ಕಿಬಿದ್ದರೆ ಅವಮಾನ ಆಗುವುದು ಮಗುವಿಗೆ, ತಾರೀಕು ಬರೆಸಿದ ದೊಡ್ಡವರಿಗಲ್ಲ.

ಆಯ್ಕೆ ಬಯಲಲ್ಲಿ, ಎಲ್ಲರ ಎದುರು ನಡೆಯಲಿ. ಮಾಲಾದೇವಿಯಲ್ಲೋ ಅಂಕೋಲೆಯ ಜೈಹಿಂದ್ ಮೈದಾನದಲ್ಲೋ ಶಿರಸಿಯ ಮಾರಿಕಾಂಬಾ ಕ್ರೀಡಾಂಗಣದಲ್ಲೋ ಎರಡು ಭಾನುವಾರ ಆಡಿಸಿ, ಹೊರಗಿನ ಇಬ್ಬರು ತರಬೇತುದಾರರನ್ನು ಕರೆಸಿ ನೋಡಿಸಿ, ಪಟ್ಟಿ ಗೋಡೆಗೆ ಅಂಟಿಸಿ. ಗೋವಾ ಪಕ್ಕದಲ್ಲೇ ಇದೆ, ಅಲ್ಲಿನ ಕ್ಲಬ್ಬಿನ ತರಬೇತುದಾರರಿಗೆ ನಮ್ಮೂರ ಮುಲಾಜಿಲ್ಲ. ಪಟ್ಟಿ ಅಂಟಿಸುವ ಹೊತ್ತಿಗೆ ಯಾವ ಮನೆಯವರು ಎಷ್ಟು ಕೊಡಬಲ್ಲರು ಎಂಬ ಮಾತೇ ಬರಕೂಡದು. 'ಪೂರ್ತಿ ಖರ್ಚು ನಾವೇ ಹಾಕ್ತೇವೆ, ನಮ್ಮ ಹುಡುಗನನ್ನೂ ಸೇರಿಸಿಕೊಳ್ಳಿ' ಎಂದು ಬರುವವರು ಇದ್ದೇ ಇರುತ್ತಾರೆ. ಒಮ್ಮೆ ಒಪ್ಪಿದರೆ ಉಳಿದ ಮಕ್ಕಳಿಗೆ ಆ ದಿನವೇ ಗೊತ್ತಾಗುತ್ತದೆ, ಆಮೇಲೆ ಅದು ತಂಡವಾಗಿ ಉಳಿಯುವುದಿಲ್ಲ.

ಆಡುವವರಿಗಿಂತ ನಾಲ್ಕೈದು ಮಂದಿ ಹೆಚ್ಚಿಗೆ ಆರಿಸಿ, ಎಲ್ಲರ ಕಾಗದವನ್ನೂ ಒಟ್ಟಿಗೇ ಮಾಡಿಸಿ. ಇಬ್ಬರು ಗೋಲ್‌ಕೀಪರ್‌ಗಳು ಬೇಕೇ ಬೇಕು.

ಕಾಗದ: ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದು ಇದೇ

ಪಟ್ಟಿ ಅಂಟಿಸಿದ ಮರುದಿನ ಪ್ರತಿ ಮನೆಗೆ ಹೋಗಿ. ಪಾಲಕರನ್ನು ಮೈದಾನಕ್ಕೆ ಕರೆಸಿದರೆ ದಾಖಲೆ ಪೂರ್ತಿ ಬರುವುದಿಲ್ಲ. ಮನೆಯಲ್ಲಾದರೆ ಟ್ರಂಕಿನ ತಳದಲ್ಲಿರುವುದೂ ಹೊರಬರುತ್ತದೆ. ನೋಡಬೇಕಾದ್ದು ನಾಲ್ಕು: ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಶಾಲೆಯ ದಾಖಲೆ, ಅಪ್ಪ-ಅಮ್ಮಂದಿರ ಆಧಾರ್. ಈ ನಾಲ್ಕರಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

ನಮ್ಮ ಜಿಲ್ಲೆಯಲ್ಲಿ ಅದು ಒಂದೇ ಆಗಿರುವುದು ಅಪರೂಪ. ಒಂದು ಕಡೆ ನಾಯ್ಕ, ಇನ್ನೊಂದು ಕಡೆ ನಾಯಕ. ಒಂದು ಕಡೆ ಗಾಂವಕರ, ಇನ್ನೊಂದು ಕಡೆ ಗಾಂವ್ಕರ್. ಶಾಲೆಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, 'ಗಂಡು ಮಗು' ಎಂದಷ್ಟೇ. ಇಂಗ್ಲಿಷ್ ಕಾಗುಣಿತವಂತೂ ಬರೆದವರ ಮರ್ಜಿ. ಜನನ ದಾಖಲೆಯಲ್ಲಿ ಹೆಸರು ಸೇರಿಸುವುದು ನೋಂದಣಿಯಾದ 15 ವರ್ಷದೊಳಗೆ ಸಾಧ್ಯ. ಹದಿಮೂರು-ಹದಿನಾಲ್ಕರ ಮಕ್ಕಳಿಗೆ ಆ ಬಾಗಿಲು ಇನ್ನೇನು ಮುಚ್ಚಲಿದೆ ಎಂಬುದನ್ನು ನೆನಪಿಡಿ. ಜನನವೇ ನೋಂದಣಿ ಆಗಿರದಿದ್ದರೆ ಒಂದು ವರ್ಷ ಮೀರಿದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಾಡಿನಂಚಿನ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾದ ಮಕ್ಕಳಿಗೆ ಬಹುಮಟ್ಟಿಗೆ ಇದೇ ಗತಿ. ಯುವಾ ತಂಡದ ಹುಡುಗಿಯರೂ ಸ್ಪೇನಿಗೆ ಹೊರಟಾಗ ಮೊದಲು ಎಡವಿದ್ದು ಜನನ ಪ್ರಮಾಣಪತ್ರಕ್ಕೇ.

ಮೊದಲು ಜನನ ಪತ್ರ ಸರಿಮಾಡಿಸಿ, ಅದರಂತೆ ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್ ಅರ್ಜಿ ಹಾಕಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರು ಮತ್ತು ಅಡ್ಡಹೆಸರು ಎರಡು ಬೇರೆ ಬೇರೆ ಖಾನೆ. ಹವ್ಯಕರ ಹೆಗಡೆ, ಭಟ್ಟ, ಕರಾವಳಿಯ ಹರಿಕಂತ್ರ, ತಾಂಡೇಲ ಇವು ಅಡ್ಡಹೆಸರಿನ ಖಾನೆಗೆ ಹೋಗಬೇಕು.

ಅಪ್ರಾಪ್ತರ ಪಾಸ್‌ಪೋರ್ಟ್ ಶುಲ್ಕ 1,000 ರೂಪಾಯಿ, ಅವಧಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು. ತಂದೆ-ತಾಯಿ ಇಬ್ಬರೂ 'ಅನುಬಂಧ ಡಿ' ಘೋಷಣೆಗೆ ಸಹಿ ಹಾಕಬೇಕು. ಒಬ್ಬರು ಮನೆ ಬಿಟ್ಟು ಹೋಗಿದ್ದರೆ, ಸಹಿ ಸಿಗುವ ಹಾಗೇ ಇಲ್ಲದಿದ್ದರೆ, 'ಅನುಬಂಧ ಸಿ' ಇದೆ. ಇದನ್ನು ತಿಳಿಯದೆ ಒಂಟಿ ತಾಯಂದಿರು ಎಷ್ಟೋ ಸಲ ಮೊದಲೇ ಕೈಬಿಡುತ್ತಾರೆ, ನೀವಾಗಿಯೇ ಹೇಳಿ. ಅಪ್ಪ ಗಲ್ಫಿನಲ್ಲೋ ಹಡಗಿನಲ್ಲೋ ಇದ್ದರೆ ಊರಿಗೆ ಬರುವ ರಜೆಯ ದಿನ ಕೇಳಿಟ್ಟುಕೊಳ್ಳಿ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಐದಾರು ಮಕ್ಕಳ ಅಪಾಯಿಂಟ್‌ಮೆಂಟ್ ಒಂದೇ ದಿನಕ್ಕೆ ಹಿಡಿದು ಒಂದು ವಾಹನದಲ್ಲಿ ಕರೆದೊಯ್ಯುವುದು ಒಳ್ಳೆಯದು. ಕೂಲಿ ಬಿಟ್ಟು ಬರುವ ಅಪ್ಪನಿಗೆ ಅಂದಿನ ದಿನಗೂಲಿಯನ್ನು ತಂಡದ ನಿಧಿಯಿಂದಲೇ ಕೊಡಿ.

ಎಲ್ಲ ಪಾಸ್‌ಪೋರ್ಟೂ ಕೈಗೆ ಬಂದಿರಬೇಕಾದ ಗಡುವು: ಹೋಗುವ ಹಿಂದಿನ ವರ್ಷದ ಡಿಸೆಂಬರ್.

ನೋಂದಣಿ, ಅನುಮತಿ, ರಜೆ

ತಂಡಕ್ಕೆ ಒಂದು ಕಾನೂನಿನ ಮೈ ಬೇಕು. ಶಾಲೆಯ ತಂಡವಾದರೆ ಶಾಲೆಯೇ ಸಾಕು. ಕ್ಲಬ್ಬಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ವೀಸಾದಲ್ಲಿ ಇದು ದೊಡ್ಡ ಉಪಕಾರ ಮಾಡುತ್ತದೆ, ಹೇಗೆಂದು ಮುಂದೆ ಹೇಳುತ್ತೇನೆ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ ಪತ್ರ ಬರೆದು, ವಿದೇಶದಲ್ಲಿ ಆಡಲು ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಪಂದ್ಯಾವಳಿಯವರೂ ಕೇಳಬಹುದು, ವೀಸಾ ಕಚೇರಿಯಲ್ಲೂ ತೂಕ ಬರುತ್ತದೆ.

ಜುಲೈ ನಮ್ಮ ಶಾಲೆಗಳಿಗೆ ಪಾಠದ ತಿಂಗಳು. ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮೊದಲೇ ಅರ್ಜಿ ಹೋಗಲಿ. ಎಸ್ಸೆಸ್ಸೆಲ್ಸಿಯ ಮಕ್ಕಳಿದ್ದರೆ ಅವರ ಪಾಲಕರ ಜೊತೆ ಕೂತು ಮನಬಿಚ್ಚಿ ಮಾತಾಡಿ.

ದುಡ್ಡು: ಮೀನುಗಾರರ ಪಂಚಾಂಗ ನೋಡಿ ಲೆಕ್ಕ ಹಾಕಿ

ಖರ್ಚಿನ ಬಾಬತ್ತುಗಳನ್ನು ಮೊದಲು ಬರೆದುಕೊಳ್ಳಿ: ತಂಡದ ನೋಂದಣಿ, ಪ್ರತಿ ಮಗುವಿನ ಊಟ-ವಸತಿ-ಓಡಾಟದ ಪ್ಯಾಕೇಜು, ವಿಮಾನ, ವೀಸಾ, ವಿಮೆ, ಪಾಸ್‌ಪೋರ್ಟು, ಬೂಟು-ಜರ್ಸಿ, ಬೆಂಗಳೂರು-ಹುಬ್ಬಳ್ಳಿ ಓಡಾಟ. ಒಟ್ಟು ಬಂದದ್ದಕ್ಕೆ ಹತ್ತರಲ್ಲಿ ಒಂದು ಪಾಲು ಆಪತ್ತಿಗೆಂದು ಸೇರಿಸಿ. ಎಲ್ಲಕ್ಕಿಂತ ದೊಡ್ಡದು ವಿಮಾನದ ಖರ್ಚು. ಜುಲೈ ಯುರೋಪಿನ ಬೇಸಿಗೆ ರಜೆ, ಆಗ ದರ ಏರಿರುತ್ತದೆ, ಆದ್ದರಿಂದ ಗುಂಪು ಟಿಕೆಟಿನ ಮಾತುಕತೆ ಜನವರಿಯಲ್ಲೇ ಶುರುವಾಗಲಿ. ವೀಸಾ ಬಾರದಿದ್ದರೆ ಹಣ ವಾಪಸ್ ಕೊಡುವ, ಹೆಸರು ಬದಲಿಸಲು ಬಿಡುವ ಟಿಕೆಟನ್ನೇ ಕೇಳಿ.

ಪ್ರತಿ ಮನೆಯಿಂದಲೂ ಒಂದೇ ಮೊತ್ತ, ಅತಿ ಬಡ ಮನೆಯೂ ಕೊಡಬಲ್ಲಷ್ಟು. ಅದನ್ನು ಕಂತಿನಲ್ಲಿ ಪಡೆಯಿರಿ. ಕಂತಿನ ತಿಂಗಳುಗಳಲ್ಲಿ ಒಂದು ಸೂಕ್ಷ್ಮವಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೈತಖೋಲ, ತದಡಿ, ಬೇಲೆಕೇರಿಯ ಮನೆಗಳಲ್ಲಿ ಆ ಎರಡು ತಿಂಗಳು ದುಡಿಮೆ ಇಲ್ಲ. ಪಂದ್ಯಾವಳಿಯ 'ಕೊನೆಯ ಕಂತು' ಎಲ್ಲ ಕಡೆಯೂ ಬಂದು ಬೀಳುವುದು ಅದೇ ಹೊತ್ತಿಗೆ. ಮೀನುಗಾರರ ಮಕ್ಕಳ ಕಂತುಗಳು ಅಕ್ಟೋಬರಿನಿಂದ ಮೇ ಒಳಗೆ ಮುಗಿಯಲಿ. ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗಾದರೆ ಕೊಯ್ಲು ಮುಗಿದು ಸೊಸೈಟಿಯಲ್ಲಿ ವಿಕ್ರಿಯಾದ ಮೇಲೆ ಕೈಯಲ್ಲಿ ಹಣ. ನಿಷೇಧದ ತಿಂಗಳಿಂದ ಒಂದು ಅನುಕೂಲವೂ ಇದೆ: ಅಪ್ಪಂದಿರು ಮನೆಯಲ್ಲಿರುತ್ತಾರೆ, ಕೊನೆಯ ಸಹಿಗಳಿಗೆ ಸಿಗುತ್ತಾರೆ.

ಉಳಿದ ಹಣವನ್ನು ಊರೇ ಎತ್ತಬೇಕು. ಸಹಾಯಾರ್ಥ ಯಕ್ಷಗಾನ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಜನ ಸೇರಿಸುತ್ತದೆ, ಮಳೆಗಾಲಕ್ಕೆ ಮುಂಚೆ ಒಂದು ಆಟ ಇಡಿ. ಮುಂಬೈ, ಗೋವಾ, ಗಲ್ಫಿನಲ್ಲಿರುವ ನಮ್ಮೂರವರಿಗೆ ಮಕ್ಕಳ ಹೆಸರು, ಊರು, ಖರ್ಚಿನ ಪಟ್ಟಿ ಸಮೇತ ಪತ್ರ ಕಳಿಸಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಬಗ್ಗೆ ಸ್ಪಷ್ಟವಾಗಿ ತಿಳಿದುಕೊಳ್ಳಿ. 2013ರ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಜಾಗವಿದೆ. ಆದರೆ ದೇಶದ ಹೊರಗೆ ನಡೆಯುವ ಚಟುವಟಿಕೆ ಸಿಎಸ್‌ಆರ್ ಎನಿಸುವುದಿಲ್ಲ, ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿ. ನಿಮ್ಮದು ಊರ ಕ್ಲಬ್ಬು. ಆದ್ದರಿಂದ ಕೈಗಾದಂಥ, ದಾಂಡೇಲಿಯ ಕಾಗದ ಕಾರ್ಖಾನೆಯಂಥ ದೊಡ್ಡ ಸಂಸ್ಥೆಗಳ ಬಳಿ ವಿಮಾನದ ಟಿಕೆಟ್ ಕೇಳಿದರೆ ಅವರು ಕೊಡಬೇಕೆಂದರೂ ಕೊಡಲಾರರು. ವರ್ಷವಿಡೀ ನಡೆಯುವ ತರಬೇತಿ, ಚೆಂಡು, ಬೂಟು, ಮಕ್ಕಳ ಪೌಷ್ಟಿಕ ಆಹಾರ, ಅಭ್ಯಾಸ ಪಂದ್ಯಗಳ ಬಸ್ಸು ಇವನ್ನು ಕೇಳಿ. ಅಷ್ಟು ಸಿಕ್ಕರೆ ದಾನಿಗಳ ಹಣವೆಲ್ಲ ಪ್ರಯಾಣಕ್ಕೆ ಉಳಿಯುತ್ತದೆ.

ವೀಸಾ

ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಸ್ಪೇನ್ ಎಲ್ಲವೂ ಷೆಂಗೆನ್ ವಲಯದಲ್ಲಿವೆ, ಒಂದೇ ವೀಸಾ ಸಾಕು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಅದು 45 ದಿನದವರೆಗೂ ಎಳೆಯಬಹುದು. 12 ತುಂಬಿದ ಮಕ್ಕಳು ಬೆರಳಚ್ಚು ಕೊಡಲು ಖುದ್ದಾಗಿ ಹೋಗಬೇಕು, ನಮಗೆ ಬೆಂಗಳೂರು. ಏಪ್ರಿಲ್-ಮೇ ಬೇಸಿಗೆ ರಜೆ ಇದಕ್ಕೆ ಹೇಳಿ ಮಾಡಿಸಿದ ಸಮಯ. ಇಡೀ ತಂಡಕ್ಕೆ ಒಂದೇ ದಿನ ಹಿಡಿದು, ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಕೆಲಸ ಮುಗಿಸಿ, ಸಂಜೆ ಅಲ್ಲಿನ ಯಾವುದಾದರೂ ಅಕಾಡೆಮಿಯ ಜೊತೆ ಕೃತಕ ಹುಲ್ಲಿನ ಮೇಲೆ ಒಂದು ಪಂದ್ಯ ಆಡಿಸಿ ಕರೆತನ್ನಿ.

2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಸಂಘದ ನೋಂದಣಿ ಕೈಹಿಡಿಯುವುದು ಇಲ್ಲಿ. ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಪ್ರತಿನಿಧಿಗಳಾಗಿ, ಅಂಥದೇ ಸಂಸ್ಥೆ ನಡೆಸುವ ಕ್ರೀಡಾಕೂಟಕ್ಕೆ ಹೋಗುವ 25 ವರ್ಷ ಮೀರದವರಿಗೆ ಷೆಂಗೆನ್ ವೀಸಾ ಸಂಹಿತೆಯಲ್ಲಿ ಶುಲ್ಕ ವಿನಾಯಿತಿ ಇದೆ. ನಿಮ್ಮ ಸಂಘದ ನೋಂದಣಿ ಪತ್ರ ಮತ್ತು ಪಂದ್ಯಾವಳಿಯ ಆಹ್ವಾನ ಪತ್ರ ಇಟ್ಟು ಈ ವಿನಾಯಿತಿಯನ್ನು ಬರವಣಿಗೆಯಲ್ಲಿ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಬೇರೆ.

ಅಧಿಕಾರಿಗೆ ಇರುವ ಮುಖ್ಯ ಅನುಮಾನ, ಇವರು ವಾಪಸ್ ಬರುತ್ತಾರೆಯೇ ಎಂಬುದು. ಸಂಬಳದ ಚೀಟಿ ಇಲ್ಲದ ಮನೆಗಳು ಇಲ್ಲಿ ಹೆದರುತ್ತವೆ. ಹೆದರಬೇಕಿಲ್ಲ. ದೋಣಿಯ ಪರವಾನಗಿ, ಮೀನುಗಾರರ ಸಹಕಾರ ಸಂಘದ ಸದಸ್ಯತ್ವ, ಪಹಣಿ, ಸೊಸೈಟಿಯ ಅಡಿಕೆ ವಿಕ್ರಿಯ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ಕು ಇವೆಲ್ಲ ಆ ಕುಟುಂಬ ಈ ನೆಲಕ್ಕೆ ಕಟ್ಟಿಕೊಂಡಿದೆ ಎಂಬುದಕ್ಕೆ ಸಾಕ್ಷಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಪ್ರತಿ ಮಗುವಿನ ಕಡತದಲ್ಲಿ ಇಷ್ಟಿರಲಿ:

- ಪಾಸ್‌ಪೋರ್ಟು, ವಾಪಸ್ ಬರುವ ದಿನದಾಚೆಗೆ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು
- ಜನನ ಪತ್ರ, ತಂದೆ-ತಾಯಿ ಇಬ್ಬರ ನೋಟರಿ ಮಾಡಿದ ಒಪ್ಪಿಗೆ, ಯಾರ ಜೊತೆ ಹೋಗುತ್ತದೆ ಎಂಬ ಹೆಸರು ಸಮೇತ
- ಶಾಲೆಯ ರಜೆ ಮಂಜೂರಾತಿ ಪತ್ರ, ಯಾವ ದಿನ ತರಗತಿಗೆ ಮರಳುತ್ತದೆ ಎಂದು ಬರೆದದ್ದು
- ಪಂದ್ಯಾವಳಿಯ ಆಹ್ವಾನ, ಅದರಲ್ಲಿ ಮಗುವಿನ ಹೆಸರು
- ಖರ್ಚು ಯಾರು ಭರಿಸುತ್ತಾರೆ ಎಂಬ ಸಂಘದ ಪತ್ರ ಮತ್ತು ಖಾತೆಯ ವಿವರ
- ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ

ವಿಮೆಯ ಕರಾರುಪತ್ರವನ್ನು ಕಣ್ಣಿಟ್ಟು ಓದಿ. ಸ್ಪರ್ಧಾತ್ಮಕ ಕ್ರೀಡೆಯಲ್ಲಿ ಆದ ಗಾಯಕ್ಕೆ ಪರಿಹಾರವಿಲ್ಲ ಎಂಬ ಸಾಲು ಎಷ್ಟೋ ಅಗ್ಗದ ಪಾಲಿಸಿಗಳಲ್ಲಿ ಇರುತ್ತದೆ. ವೀಸಾಕ್ಕೆ ಅದು ನಡೆದೀತು, ಕಾಲು ಮುರಿದ ದಿನ ನಡೆಯುವುದಿಲ್ಲ. ಪಂದ್ಯಾವಳಿಯ ಗಾಯವೂ ಸೇರಿದೆ ಎಂದು ಬರೆದುಕೊಡುವ ಪಾಲಿಸಿ ತೆಗೆದುಕೊಳ್ಳಿ.

ತರಬೇತಿ: ಜಂಬಿಟ್ಟಿಗೆ ಮಣ್ಣಿನಿಂದ ಕೃತಕ ಹುಲ್ಲಿಗೆ

ನಮ್ಮ ಮೈದಾನಗಳು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಮಳೆಗಾಲದಲ್ಲಿ ಕೆಸರು. ಗೊಥಿಯಾದಲ್ಲಿ ಪಂದ್ಯಗಳು ಹೆಚ್ಚಾಗಿ ಕೃತಕ ಹುಲ್ಲಿನ ಮೇಲೆ. ಚೆಂಡು ಅಲ್ಲಿ ಸಮನಾಗಿ, ವೇಗವಾಗಿ ಜಾರುತ್ತದೆ, ಹಾಗಾಗಿ ಪಾಸು ಬರುವ ಮೊದಲೇ ಮುಂದಿನದನ್ನು ಯೋಚಿಸಿರಬೇಕು. ನಮ್ಮ ಹುಡುಗರು ಚೆಂಡನ್ನು ನಿಲ್ಲಿಸಿ, ನೋಡಿ, ಒದೆಯುವುದಕ್ಕೆ ಒಗ್ಗಿದವರು. ಜನವರಿಯಿಂದಲೇ ತಿಂಗಳಿಗೆ ಎರಡು ಸಲವಾದರೂ ರೈಲು ಹತ್ತಿ ಮಡಗಾಂವ್ ಕಡೆಗೆ ಹೋಗಿ ಗೋವಾದ ಅದೇ ವಯಸ್ಸಿನ ತಂಡಗಳ ಜೊತೆ ಆಡಿಸಿ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳು ನಡೆದ ಫಾತೋರ್ಡಾ ಕ್ರೀಡಾಂಗಣ ಕಾರವಾರಕ್ಕೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ನೆರೆಯಲ್ಲೇ ಇಂಥ ಫುಟ್‌ಬಾಲ್ ನಾಡಿರುವುದು ನಮ್ಮ ಜಿಲ್ಲೆಯ ದೊಡ್ಡ ಭಾಗ್ಯ, ಅದನ್ನು ನಾವು ಸಾಕಷ್ಟು ಬಳಸುತ್ತಿಲ್ಲ ಎಂಬುದು ನನ್ನ ಕೊರಗು.

ಪಂದ್ಯಾವಳಿಯ ಲಯ ನಮ್ಮ ಪಂದ್ಯಗಳದ್ದಲ್ಲ. ಗೊಥಿಯಾದಲ್ಲಿ ಮೊದಲು ಗುಂಪು ಹಂತ, ಆಮೇಲೆ ಮೇಲಿನ ಎರಡು ತಂಡಗಳಿಗೆ 'ಎ' ಪ್ಲೇಆಫ್, ಉಳಿದವಕ್ಕೆ 'ಬಿ' ಪ್ಲೇಆಫ್. ಗುಂಪಿನಲ್ಲಿ ಸೋತವರಿಗೂ ಮುಂದೆ ಆಟವಿದೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಪಂದ್ಯದ ಪ್ರತಿ ಅರ್ಧಭಾಗ ಚಿಕ್ಕದು, ಆದರೆ ಒಂದೇ ದಿನ ಎರಡು ಪಂದ್ಯ ಬರಬಹುದು. ಆದ್ದರಿಂದ ಭಾನುವಾರದ ಅಭ್ಯಾಸವನ್ನು ಹಾಗೇ ಮಾಡಿ: ಬೆಳಿಗ್ಗೆ ಒಂದು ಚಿಕ್ಕ ಪಂದ್ಯ, ನೆರಳಲ್ಲಿ ವಿಶ್ರಾಂತಿ, ಹಗುರ ಊಟ, ಸಂಜೆ ಇನ್ನೊಂದು. ಎರಡನೇ ಪಂದ್ಯದಲ್ಲಿ ಯಾರ ಕಾಲು ಭಾರವಾಗುತ್ತದೆ ಎಂದು ಬರೆದಿಡಿ. ಪೆನಾಲ್ಟಿ ಶೂಟೌಟನ್ನು ಪ್ರತಿ ವಾರ ಆಡಿಸಿ, ದಣಿದ ಮೇಲೆಯೇ ಆಡಿಸಿ.

ಬರಿಗಾಲಲ್ಲಿ ಆಡಿ ಬೆಳೆದ ಮಕ್ಕಳಿಗೆ ಬೂಟು ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಹಳೆಯ ಬೂಟಿನಲ್ಲಾದರೂ ಡಿಸೆಂಬರಿನಿಂದ ಅಭ್ಯಾಸ ನಡೆಯಲಿ. ಅಲ್ಲಿಗೆ ಒಯ್ಯುವ ಹೊಸ ಬೂಟನ್ನು ಮೇ ತಿಂಗಳಲ್ಲಿ ಕೊಳ್ಳಿ. ಅದಕ್ಕಿಂತ ಮುಂಚೆ ಕೊಂಡರೆ ಈ ವಯಸ್ಸಿನ ಪಾದ ಬೆಳೆದುಬಿಡುತ್ತದೆ, ತಡವಾದರೆ ಗುಳ್ಳೆ ಏಳುತ್ತದೆ. ಕೃತಕ ಹುಲ್ಲಿಗೆ ಅಚ್ಚಿನ ರಬ್ಬರ್ ಸ್ಟಡ್ಡಿನ ಬೂಟು ಸರಿ, ಲೋಹದ ಸ್ಟಡ್ ಬೇಡ. ಚೆಂಡಿನ ಅಳತೆಯೂ ವಿಭಾಗಕ್ಕೆ ತಕ್ಕಂತೆ, ಕಿರಿಯರಿಗೆ 4, ದೊಡ್ಡವರಿಗೆ 5.

ಟ್ಯಾಗೋರ್ ಕಡಲತೀರದ ಮರಳಲ್ಲಿ ಓಡಿಸುವುದು ಕಾಲಿನ ಬಲಕ್ಕೆ ಒಳ್ಳೆಯದು, ಮೇ ಮುಗಿಯುವವರೆಗೆ ಮಾತ್ರ. ಜೂನ್ ಬಂದ ಮೇಲೆ ಮಕ್ಕಳನ್ನು ಕಡಲ ಬಳಿ ಅಭ್ಯಾಸಕ್ಕೆ ಒಯ್ಯಲೇಬೇಡಿ. ಆಗ ಒಳಾಂಗಣವೋ ಶಾಲೆಯ ಸಭಾಂಗಣವೋ ಹುಡುಕಿ, ಚಿಕ್ಕ ಜಾಗದ ಪಾಸಿಂಗ್ ಆಡಿಸಿ.

ಜೊತೆಗೆ ಹೋಗುವ ದೊಡ್ಡವರು

ಕನಿಷ್ಠ ಮೂವರು: ತರಬೇತುದಾರ, ವ್ಯವಸ್ಥಾಪಕ, ಮಕ್ಕಳ ಯೋಗಕ್ಷೇಮ ನೋಡುವವರು ಒಬ್ಬರು. ಹುಡುಗಿಯರ ತಂಡವಾದರೆ ಮಹಿಳೆ ಇಲ್ಲದೆ ಹೊರಡಲೇಕೂಡದು, ಹುಡುಗರ ತಂಡದಲ್ಲೂ ಒಬ್ಬ ಅಕ್ಕನೋ ಶಿಕ್ಷಕಿಯೋ ಇದ್ದರೆ ಮನೆ ನೆನಪಾಗಿ ಅಳುವ ಮಗುವಿಗೆ ಆಸರೆ. ಯಾವ ದೊಡ್ಡವರೂ ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಈ ನಿಯಮವನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿ, ಮಕ್ಕಳಿಗೂ ಹೇಳಿ. ಹೋಗುವವರ ಬಗ್ಗೆ ಪೊಲೀಸ್ ಪರಿಶೀಲನಾ ಪತ್ರ ತೆಗೆಸಿ. ಪರಿಚಯದವರೇ ಅಲ್ಲವೇ ಎಂಬ ಸಂಕೋಚ ಬೇಡ.

ಹೊರಡುವ ವಾರ

2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಮಳೆಗಾಲದಲ್ಲಿ ಕೊಂಕಣ ರೈಲು ಬೇರೆ ವೇಳಾಪಟ್ಟಿಯಲ್ಲಿ, ನಿಧಾನವಾಗಿ ಓಡುತ್ತದೆ. ಹಾಗಾಗಿ ವಿಮಾನದ ದಿನವೇ ಮನೆಯಿಂದ ಹೊರಡುವ ಯೋಚನೆ ಬಿಡಿ. ಕಾರವಾರದವರು ಒಂದು ದಿನ ಮೊದಲೇ ಗೋವಾ ಸೇರಿ ಉಳಿಯಿರಿ, ನಿಮ್ಮ ವಿಮಾನ ದಾಬೋಳಿಯಿಂದಲೋ ಮೋಪಾದಿಂದಲೋ ಎಂದು ಎರಡು ಸಲ ನೋಡಿಕೊಳ್ಳಿ. ಶಿರಸಿಯವರು ಮಳೆಯಲ್ಲಿ ಘಟ್ಟ ಇಳಿಯದೆ ಹುಬ್ಬಳ್ಳಿಯ ಮೂಲಕ ಬೆಂಗಳೂರು ಸೇರುವುದು ಭದ್ರ.

ಬೂಟು, ಮೊಣಕಾಲ ಕೆಳಗಿನ ಪಟ್ಟಿ (ಶಿನ್ ಗಾರ್ಡ್), ಒಂದು ಜೊತೆ ಜರ್ಸಿ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗು ತಡವಾಗಿ ಬಂದರೂ ಮೊದಲ ಪಂದ್ಯ ಆಡಬಹುದು. ತಿಂಡಿಯಲ್ಲಿ ಎಚ್ಚರ: ಐರೋಪ್ಯ ಒಕ್ಕೂಟದೊಳಗೆ ಹೊರದೇಶದ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಆಯಿ ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪದ ಡಬ್ಬಿ, ಪೇಡೆ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರುತ್ತವೆ. ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ನಡೆಯುತ್ತವೆ. ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿರಲಿ. ಅಲ್ಲಿ ಊಟ ಪಾಸ್ಟಾ, ಆಲೂಗಡ್ಡೆ, ಮಾಂಸದ ಉಂಡೆ. ಯಾವ ಮಾಂಸ ಎಂದು ಕೇಳಿ ತಿನ್ನಲು ಮಕ್ಕಳಿಗೆ ಕಲಿಸಿ. ಸಸ್ಯಾಹಾರಿ ಮಕ್ಕಳ ಸಂಖ್ಯೆಯನ್ನು ನೋಂದಣಿಯಲ್ಲೇ ಬರೆಯಿರಿ. ಮನೆಯಲ್ಲಿ ಮೇ ತಿಂಗಳಿಂದ ವಾರಕ್ಕೊಮ್ಮೆ ಅಂಥ ಊಟ ರೂಢಿ ಮಾಡಿಸಿದರೆ ಹೊಟ್ಟೆ ಕೆಡುವುದಿಲ್ಲ.

ಅಲ್ಲಿ ಇಳಿದ ಮೇಲೆ

ಮೊದಲ ಪಂದ್ಯಕ್ಕೆ ಎರಡು ದಿನ ಮುಂಚೆ ತಲುಪಿ. ಬೇಸಿಗೆಯಲ್ಲಿ ಸ್ವೀಡನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಮಕ್ಕಳು ನಸುಕಿನ ಮೂರಕ್ಕೇ ಎದ್ದು ಕೂರುತ್ತಾರೆ. ರಾತ್ರಿ ಹತ್ತಾದರೂ ಬೆಳಕು ಇರುವುದರಿಂದ ಮಲಗುವುದೂ ಇಲ್ಲ. ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಬಟ್ಟೆ ಒಯ್ಯಿರಿ, ಮಧ್ಯಾಹ್ನದ ನಿದ್ದೆಗೆ ಬಿಡಬೇಡಿ. ವಸತಿ ಅಗ್ಗದ ಪ್ಯಾಕೇಜಿನಲ್ಲಿ ಶಾಲೆಯ ತರಗತಿ ಕೋಣೆ, ಹಾಸಿಗೆ ನಾವೇ ಒಯ್ಯಬೇಕೋ ಬಾಡಿಗೆಗೆ ಸಿಗುತ್ತದೋ ಮೊದಲೇ ಕೇಳಿ. ಜುಲೈಯಲ್ಲೂ ಅಲ್ಲಿ ಮಳೆಗಾಳಿ ಬಂದರೆ 15 ಡಿಗ್ರಿ, ನಮ್ಮ ಮಕ್ಕಳಿಗೆ ಅದು ಚಳಿ. ಜರ್ಸಿಯೊಳಗೆ ತೊಡಲು ತೆಳು ಬನಿಯನ್ನು ಬೇಕು.

ಪ್ರತಿ ಮಗುವಿನ ಕೊರಳಲ್ಲಿ ಒಂದು ಚೀಟಿ: ಹೆಸರು, ವಸತಿಯ ವಿಳಾಸ, ಇಬ್ಬರು ದೊಡ್ಡವರ ಫೋನು, ತುರ್ತು ಸಂಖ್ಯೆ 112, ಔಷಧಿಯ ಅಲರ್ಜಿ ಇದ್ದರೆ ಅದು. ಪಾಸ್‌ಪೋರ್ಟುಗಳು ವ್ಯವಸ್ಥಾಪಕರ ಬಳಿ, ನಕಲು ತರಬೇತುದಾರರ ಬಳಿ. ಸ್ಟಾಕ್‌ಹೋಮಿನ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ ಇಬ್ಬರ ಫೋನಿನಲ್ಲೂ ಇರಲಿ. ಊರಿನ ಪಾಲಕರಿಗೆ ದಿನಕ್ಕೊಂದು ಸಲ, ಗೊತ್ತಾದ ಹೊತ್ತಿಗೆ, ಒಂದೇ ಗುಂಪಿನಲ್ಲಿ ಸುದ್ದಿ ಹಾಕಿ.

ಕರೆದೊಯ್ದ ಪ್ರತಿ ಮಗುವೂ ಪ್ರತಿ ದಿನ ಮೈದಾನಕ್ಕೆ ಇಳಿಯಬೇಕು. ಇದನ್ನು ನಾನು ಹಟದಿಂದ ಹೇಳುತ್ತೇನೆ. ಇಡೀ ಊರು ಹಣ ಕೂಡಿಸಿ ಕಳಿಸಿದ ಮಗುವನ್ನು ವಾರವಿಡೀ ಬೆಂಚಿನ ಮೇಲೆ ಕೂರಿಸುವ ಹಕ್ಕು ಯಾವ ತರಬೇತುದಾರನಿಗೂ ಇಲ್ಲ. ಬದಲಿ ಆಟಗಾರರ ಯೋಜನೆಯನ್ನು ಪಂದ್ಯದ ಹಿಂದಿನ ರಾತ್ರಿಯೇ ಬರೆದು ಮಕ್ಕಳಿಗೆ ತೋರಿಸಿ. ದೊಡ್ಡ ಅಂತರದಲ್ಲಿ ಸೋತ ದಿನ ಮೈದಾನದಲ್ಲೇ ತಪ್ಪು ಎಣಿಸಬೇಡಿ, ಊಟ ಆದ ಮೇಲೆ ಎರಡು ಮಾತು ಸಾಕು. ಬಿಡುವಿನಲ್ಲಿ ಬೇರೆ ದೇಶದ ತಂಡಗಳ ಪಂದ್ಯ ನೋಡಲು ಕೂರಿಸಿ. ಜರ್ಸಿ ಅದಲುಬದಲು ಮಾಡಿಕೊಳ್ಳುವ ರೂಢಿ ಅಲ್ಲಿ ಇದೆ, ಅದಕ್ಕೆಂದೇ ಊರ ಹೆಸರು ಬರೆದ ಒಂದೊಂದು ಬನಿಯನ್ನು ಹೆಚ್ಚಿಗೆ ಒಯ್ಯಿರಿ.

ಬಂದ ಮೇಲೆ

ಒಂದು ತಿಂಗಳೊಳಗೆ ಖರ್ಚಿನ ಲೆಕ್ಕ ರಸೀದಿ ಸಮೇತ ದಾನಿಗಳಿಗೂ ಪಾಲಕರಿಗೂ ಕೊಡಿ, ಉಳಿದ ಹಣ ಎಷ್ಟು, ಎಲ್ಲಿದೆ ಎಂದು ಬರೆಯಿರಿ. ತಪ್ಪಿದ ಪಾಠಕ್ಕೆ ಶಿಕ್ಷಕರ ಜೊತೆ ಮಾತಾಡಿ ಸಂಜೆ ತರಗತಿ ಮಾಡಿಸಿ. ಮಕ್ಕಳ ಪಾಸ್‌ಪೋರ್ಟು ಐದು ವರ್ಷ ಅಥವಾ 18 ತುಂಬುವವರೆಗೆ ಬದುಕಿರುತ್ತದೆ, ಒಮ್ಮೆ ಕೊಟ್ಟ ಬೆರಳಚ್ಚು ಷೆಂಗೆನ್ ದಾಖಲೆಯಲ್ಲಿ 59 ತಿಂಗಳು ಉಳಿಯುತ್ತದೆ, ಎರಡರ ಮುಗಿಯುವ ತಾರೀಕನ್ನೂ ಸಂಘದ ವಹಿಯಲ್ಲಿ ಬರೆದಿಡಿ. ಅದೇ ವಹಿಯ ಮುಂದಿನ ಪುಟದಲ್ಲಿ ಈಗ ಐದು, ಆರನೇ ತರಗತಿಯಲ್ಲಿರುವ ಮಕ್ಕಳ ಹೆಸರು ಬರೆದು, ಅವರ ಜನನ ಪತ್ರ ನೋಡಲು ಈ ವರ್ಷವೇ ಮನೆಮನೆಗೆ ಹೋಗಿ.